ಚನ್ನಗಿರಿ ನಲವತ್ತೊಂದು

ನನಗೆ ಸಂಗೀತ ಬರುವುದಿಲ್ಲ. ಶಾಲೆಯಲ್ಲಿ ನಾಡಗೀತೆ ಹಾಡುವಾಗಲೂ ಮಕ್ಕಳು ಒಂದು ದಾರಿ, ನಾನು ಒಂದು ದಾರಿ ಹಿಡಿದು ಕೊನೆಯ ಸಾಲಿನ ಹೊತ್ತಿಗೆ ಹೇಗೋ ಒಂದು ಕಡೆ ಸೇರುತ್ತೇವೆ. ಇಂಥ ನನ್ನನ್ನು, ಹೊನ್ನಾಳಿಯ ಒಂದು ಪ್ರೌಢಶಾಲೆಯ ಕನ್ನಡ ಟೀಚರನ್ನು, ನನ್ನ ಗಂಡ ಎರಡು ವರ್ಷ ಗಿಟಾರಿನ ಸದ್ದಿಗೆ ತೀರ್ಪುಗಾರಳನ್ನಾಗಿ ಮಾಡಿಕೊಂಡಿದ್ದರು. ಆ ಎರಡು ವರ್ಷದಲ್ಲಿ ನಾನು ಒಂದು ಸುಳ್ಳು ತೀರ್ಪು ಕೊಟ್ಟೆ. ಒಲೆಯ ಮೇಲೆ ರೊಟ್ಟಿ ಇತ್ತು ಎನ್ನುವುದು ನನ್ನ ಪರವಾಗಿ ಇರುವ ಒಂದೇ ವಾದ.

ನಮ್ಮ ಯಜಮಾನರು ತಿಪ್ಪೇಶ್, ಜಗಳೂರು ತಾಲ್ಲೂಕಿನ ಸೊಕ್ಕೆಯವರು. ವಿದ್ಯುತ್ ಇಲಾಖೆಗೆ ಲೈನ್‌ಮನ್ ಆಗಿ ಸೇರಿ, ಕಂಬ ಹತ್ತಿ ಹತ್ತಿ, ಈಗ ಹೊನ್ನಾಳಿಯ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂರುವ ಮಟ್ಟಕ್ಕೆ ಬಂದಿದ್ದಾರೆ. ಕಂಬ ಹತ್ತುವುದಕ್ಕೆ ಮೊದಲು ಅವರು ಚನ್ನಗಿರಿಯ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದರು. ಅದರಲ್ಲಿ ಹಾಡುತ್ತಿದ್ದವರು ನ್ಯಾಮತಿಯ ರತ್ನಕ್ಕ. ನಾನು ಆಗ ಚನ್ನಗಿರಿಯ ಹುಡುಗಿ. ಒಂದು ಗಣಪತಿ ಹಬ್ಬದ ಸಂಜೆ, ಎದುರಿಗೆ ನಿಂತ ಎತ್ತರದ ಗಂಡಸರ ಬೆನ್ನುಗಳ ಆಚೆಯಿಂದ ಆ ಗಿಟಾರಿನ ಸದ್ದು ಕೇಳಿದೆ. ಬಾರಿಸಿದವರ ಮುಖ ಕಾಣಲೇ ಇಲ್ಲ. ಎರಡು ವರ್ಷ ಕಳೆದು ಮನೆಯಲ್ಲಿ ಮದುವೆಯ ಮಾತು ಬಂತು. ಹುಡುಗ ಮೊದಲು ಚನ್ನಗಿರಿಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದನಂತೆ ಎಂದು ಯಾರೋ ಆಕ್ಷೇಪಣೆಯ ದನಿಯಲ್ಲಿ ಹೇಳಿದರು. ನಾನು ಮಿಕ್ಕ ವಿವರ ಕೇಳದೆ ಹೂಂ ಎಂದೆ. ಸೊಕ್ಕೆಯಲ್ಲಿ ಬುದ್ಧವಂದನೆ ಹೇಳಿ ಸರಳವಾಗಿ ಮದುವೆಯಾಯಿತು. ಆಮೇಲೆ ತಿಳಿಯಿತು, ಆ ಸದ್ದು ಇವರ ಬೆರಳಲ್ಲಿ ಇದ್ದದ್ದು ಅರ್ಧ ಮಾತ್ರ. ಉಳಿದರ್ಧ ಒಂದು ಆಂಪ್ಲಿಫೈಯರಿನ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆ ಆರ್ಕೆಸ್ಟ್ರಾದವರ ಹತ್ತಿರವೇ ಉಳಿದಿತ್ತು.

ಆ ಪೆಟ್ಟಿಗೆಯನ್ನು ಮಾಡಿದವರು ಚನ್ನಗಿರಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಹಾಲಪ್ಪ. ಎಲೆಕ್ಟ್ರಿಕ್ ಗಿಟಾರಿನ ತಂತಿ ತಾನಾಗಿ ಮಾಡುವ ಸದ್ದು ಸೊಳ್ಳೆಯದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದಕ್ಕೆ ಮೈ ಬರುವುದು ಆಂಪ್ಲಿಫೈಯರಿನಿಂದ. ಪರದೇಶದ ಪೆಟ್ಟಿಗೆ ತರಿಸುವ ಯೋಗ್ಯತೆ ಆರ್ಕೆಸ್ಟ್ರಾಕ್ಕೆ ಇರಲಿಲ್ಲ. ಹಾಲಪ್ಪ ಹಳೆಯ ರೇಡಿಯೋಗಳಿಂದ ವಾಲ್ವ್ ಕಿತ್ತು, ಮುಚ್ಚಿಹೋದ ಟೆಂಟ್ ಸಿನಿಮಾದಿಂದ ಸ್ಪೀಕರ್ ತಂದು, ಪ್ಲೈವುಡ್ಡಿನ ಡಬ್ಬದಲ್ಲಿ ಕೂರಿಸಿ ಕೊಟ್ಟಿದ್ದರು. ವಾಲ್ವ್ ಎಂದರೆ ಗಾಜಿನ ಬುರುಡೆ. ಬಿಸಿಯಾದರೆ ಒಳಗೆ ಕೆಂಡದ ಹಾಗೆ ಹೊಳೆಯುತ್ತದೆ. ಈಗಿನ ಮಕ್ಕಳಿಗೆ ತೋರಿಸಿದರೆ ಬಲ್ಬ್ ಎಂದಾರು.

ಎರಡು ವರ್ಷದ ಹಿಂದೆ ನಮ್ಮ ಮನೆಗೆ ಒಂದು ಹೊಸ ಪೆಟ್ಟಿಗೆ ಬಂತು. ನನ್ನ ಒಗ್ಗರಣೆ ಡಬ್ಬಿಗಿಂತ ತುಸು ದೊಡ್ಡದು. ಇದರೊಳಗೆ ಒಂದೇ ಒಂದು ವಾಲ್ವ್ ಇಲ್ಲ. ಆದರೆ ಜಗತ್ತಿನ ಹೆಸರುವಾಸಿ ಆಂಪ್ಲಿಫೈಯರುಗಳೆಲ್ಲ ಲೆಕ್ಕದ ರೂಪದಲ್ಲಿ ಇವೆಯಂತೆ. ಗಿಟಾರಿನ ವೈರನ್ನು ಇದಕ್ಕೆ ಸಿಕ್ಕಿಸಿ ಇಂಥ ಕಾಲದ ಇಂಥ ಪೆಟ್ಟಿಗೆಯ ಸದ್ದು ಬೇಕು ಎಂದರೆ, ಕಂಪ್ಯೂಟರಿನ ಹಾಗೆ ಒಳಗೊಳಗೇ ಲೆಕ್ಕ ಹಾಕಿ ಆ ಸದ್ದನ್ನು ಹೊರಗೆ ಬಿಡುತ್ತದೆ. ಅಮೆರಿಕದ್ದು ಇದೆ, ಇಂಗ್ಲೆಂಡಿನದು ಇದೆ. ಫೋನಿನ ಪರದೆಯಲ್ಲಿ ಒಂದೊಂದರ ಚಿತ್ರವೂ ಬರುತ್ತದೆ. ಹಾಲಪ್ಪನವರದು ಇರಲಿಲ್ಲ. ಇರಬಹುದೇನೋ ಎಂದು ನಮ್ಮ ಯಜಮಾನರು ಕೊನೆಯ ತನಕ ಹುಡುಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಲ್ಲದ್ದನ್ನು ಕಟ್ಟಿಕೊಳ್ಳಬೇಕು ಎಂದು ಅವರು ತೀರ್ಮಾನಿಸಿದರು. ಇಂಗ್ಲೆಂಡಿನ ಒಂದು ಸಣ್ಣ ಪೆಟ್ಟಿಗೆಯನ್ನು ಆರಿಸಿಕೊಂಡು, ಅದಕ್ಕೆ ಬೇರೆಯದರ ಸ್ಪೀಕರ್ ಜೋಡಿಸಿ, ಮೇಲಿನ ಸ್ವರ ತಗ್ಗಿಸಿ, ನಡುವಿನದು ಏರಿಸಿ, ಸಿಕ್ಕಿದ ಸದ್ದನ್ನು ಪೆಟ್ಟಿಗೆಯಲ್ಲೇ ಒಂದು ಹೆಸರು ಕೊಟ್ಟು ಇಟ್ಟರು. ಹೆಸರು, ಚನ್ನಗಿರಿ ಒಂದು. ಆಮೇಲೆ ಚನ್ನಗಿರಿ ಎರಡು, ಮೂರು. ಪ್ರತಿಯೊಂದಕ್ಕೂ ನನಗೆ ಕರೆ ಬರುತ್ತಿತ್ತು: ‘ಮೇಡಂ, ಒಂದ್ ನಿಮಿಷ ಬರ್ರಿ.’ ಆ ಹಳೆಯ ಸದ್ದನ್ನು ಕೇಳಿದವರು ಮನೆಯಲ್ಲಿ ಇನ್ನೊಬ್ಬರಿರಲಿಲ್ಲವಲ್ಲ. ಉತ್ತರ ಪತ್ರಿಕೆ ತಿದ್ದುವುದನ್ನು ಬಿಟ್ಟು ಹೋಗುತ್ತಿದ್ದೆ, ಕಿವಿಗೊಟ್ಟು ನಿಲ್ಲುತ್ತಿದ್ದೆ, ಇದಲ್ಲ ಎನ್ನುತ್ತಿದ್ದೆ. ಏನು ಕಮ್ಮಿ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮಾತಿನ ಅರ್ಥಕ್ಕಿಂತ ಅದು ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವ ಧ್ವನಿ ದೊಡ್ಡದು ಎಂದು ವರ್ಷ ವರ್ಷವೂ ಹತ್ತನೆಯ ತರಗತಿಗೆ ಪಾಠ ಮಾಡುತ್ತೇನೆ. ಆದರೆ ಧ್ವನಿ ಎಲ್ಲಿ ಕೆಟ್ಟಿದೆ ಎಂದು ನನ್ನ ಗಂಡನೇ ಕೇಳಿದಾಗ ಪಾಠ ಮಾಡಿದ ಟೀಚರಿಗೇ ಉತ್ತರ ಹೊಳೆಯಲಿಲ್ಲ.

ಆ ಭಾನುವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಒಂದು ಹೆಂಚಿನ ಮೇಲೆ, ಒಂದು ಕೈಯಲ್ಲಿ. ಕರೆ ಬಂತು. ಬಾಗಿಲಲ್ಲೇ ನಿಂತು, ಹಿಟ್ಟಿನ ಕೈಯನ್ನು ಎತ್ತಿ ಹಿಡಿದು ಕೇಳಿದೆ. ಅದು ಚನ್ನಗಿರಿ ನಲವತ್ತೊಂದು. ಚೆನ್ನಾಗಿತ್ತು, ಆದರೆ ಅದಾಗಿರಲಿಲ್ಲ. ಹಿಂದೆ ರೊಟ್ಟಿ ಸೀಯುವ ವಾಸನೆ ಬಂತು.

‘ಇದೇ ಕಣ್ರೀ’ ಎಂದೆ. ‘ಇದೇ ಅದು.’

ಅವರು ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಒರೆಸುತ್ತಲೇ ಕೂತರು. ನಾನು ಆಗಲೇ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಒಲೆಯ ಕಡೆ ಓಡಿದೆ.

ಸುಳ್ಳು ಮನೆಯೊಳಗೇ ಇದ್ದಿದ್ದರೆ ಅಷ್ಟು ಕೆಡುಕಾಗುತ್ತಿರಲಿಲ್ಲವೇನೋ. ಅದೇ ವಾರ ರತ್ನಕ್ಕನ ಫೋನ್ ಬಂತು. ಅವರು ಅಂಗನವಾಡಿ ಟೀಚರ್ ಆಗಿ ನ್ಯಾಮತಿಯ ಎರಡು ತಲೆಮಾರಿಗೆ ಅನ್ನ ಉಣ್ಣಿಸಿ, ಹಾಡು ಕಲಿಸಿ ಈಗ ನಿವೃತ್ತರಾಗುವವರಿದ್ದರು. ತಾಯಂದಿರೆಲ್ಲ ಸೇರಿ ಸಮುದಾಯ ಭವನದಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಅವತ್ತು ಒಂದು ಹಾಡು ಹಾಡಬೇಕು, ತಿಪ್ಪೇಶ ಗಿಟಾರ್ ಹಿಡಿಯಬೇಕು ಎಂಬುದು ಅವರ ಆಸೆ. ಗಂಟಲಿನ ಗ್ರಂಥಿಯ ಆಪರೇಷನ್ ಆದಮೇಲೆ ಅವರು ಜನರ ಮುಂದೆ ಹಾಡಿರಲಿಲ್ಲ. ಇವರು ಫೋನಿನಲ್ಲೇ, ‘ರತ್ನಕ್ಕ, ಸೌಂಡು ಸಿಕ್ಕೈತೆ. ಅದೇ ಸೌಂಡು. ನಮ್ಮನೆಯವ್ಳು ಹೂಂ ಅಂದಾಳೆ’ ಎಂದುಬಿಟ್ಟರು.

ಎರಡು ವಾರ ಮುಂಚೆ ಅಭ್ಯಾಸಕ್ಕೆಂದು ನ್ಯಾಮತಿಗೆ ಹೋದೆವು. ರತ್ನಕ್ಕನ ನಡುಮನೆಯಲ್ಲಿ ಚಾಪೆ ಹಾಸಿ, ಪೆಟ್ಟಿಗೆ ಜೋಡಿಸಿ ಶುರು ಮಾಡಿದರು. ಅವರು ಯಾವಾಗಲೂ ಹಾಡುತ್ತಿದ್ದ ಒಂದು ಹಳೆಯ ಚಿತ್ರಗೀತೆ. ಮೊದಲ ಸಾಲು ನಡೆಯಿತು. ಎರಡನೆಯದರಲ್ಲಿ ಸ್ವರ ಮೇಲೆ ಹೋಗಬೇಕಾದ ಜಾಗಕ್ಕೆ ಬಂದಾಗ ದನಿ ಬಿರಿಯಿತು. ಇನ್ನೊಮ್ಮೆ ಹಾಡಿದರು, ಅಲ್ಲೇ ಬಿರಿಯಿತು. ಮೂರನೆಯ ಸಲ ಆ ಜಾಗಕ್ಕೆ ಹೋಗದೆ ಮೊದಲೇ ನಿಲ್ಲಿಸಿದರು. ಸ್ವಲ್ಪ ನೀರು ಕುಡಿದರು.

‘ಚೆಂದ ಐತಪ್ಪ ನಿನ್ನ ಸೌಂಡು’ ಎಂದರು. ‘ಆದ್ರೆ ಅದಲ್ಲ ಇದು. ಅದು ನನ್ನ ದನಿ ಒಡೆದ್ರೆ ತಾನೂ ಒಡೀತಿತ್ತು. ಇದು ಒಡೆಯಲ್ಲ. ನಾನೊಬ್ಳೇ ಒಡೀತೀನಿ.’

ಇವರು ನನ್ನ ಕಡೆ ನೋಡಿದರು. ರತ್ನಕ್ಕನೂ ನೋಡಿದರು. ನಾನು ಸೆರಗಿನ ಅಂಚಿನಲ್ಲಿ ಏನೋ ಹುಡುಕುತ್ತಿರುವವಳ ಹಾಗೆ ಕೂತೆ. ಹಾಡುವುದು ಬೇಡ, ಅವತ್ತು ಬಂದು ಊಟ ಮಾಡಿಕೊಂಡು ಹೋಗಿ ಸಾಕು ಎಂದು ರತ್ನಕ್ಕ ನಗುತ್ತಲೇ ಹೇಳಿದರು. ನಗು ಮುಗಿದ ಮೇಲೂ ಬಾಯಿ ಹಾಗೇ ಇತ್ತು, ಕಣ್ಣು ಮಾತ್ರ ಬೇರೆ ಕಡೆ ಇತ್ತು.

ಹೊನ್ನಾಳಿಗೆ ವಾಪಸ್ಸು ಬರುವಾಗ ಬೈಕಿನ ಹಿಂದೆ ಕೂತು ಹೇಳಿಬಿಟ್ಟೆ. ಬೆನ್ನಿಗೆ ಹೇಳುವುದು ಮುಖಕ್ಕೆ ಹೇಳುವುದಕ್ಕಿಂತ ಸುಲಭ.

‘ರೀ, ನಾನು ಅವತ್ತು ಸುಳ್ಳು ಹೇಳಿದ್ದೆ.’

ಬೈಕು ನಿಧಾನವಾಯಿತು. ಎರಡು ಹೊಲ ದಾಟಿದ ಮೇಲೆ ಅವರು ಕೇಳಿದರು, ‘ಎಷ್ಟನೇ ನಂಬರಿಂದ?’

‘ನಲವತ್ತೊಂದು ಒಂದೇ.’

‘ಮತ್ತೆ ಮೂವತ್ತೆಂಟಕ್ಕೆ ಹತ್ರ ಬಂತು ಅಂದಿದ್ದು?’

‘ಅದೂ’ ಎಂದೆ.

ಅವರು ಬಯ್ಯಲಿಲ್ಲ. ಬೈದಿದ್ದರೆ ನಾನೂ ತಿರುಗಿಸಿ ಎರಡು ಮಾತಾಡಿ ಹಗುರಾಗುತ್ತಿದ್ದೆ. ಮನೆಗೆ ಬಂದು ಪೆಟ್ಟಿಗೆಯನ್ನು ಹಳೆಯ ಲುಂಗಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಗಿಟಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಸಂಜೆ ಕಚೇರಿಯಿಂದ ಬಂದವರು ಟೀವಿಯ ಮುಂದೆ ಕೂತು, ಯಾರು ಯಾರ ಮೇಲೆ ಕೂಗಾಡುತ್ತಿದ್ದಾರೆ ಎಂದೂ ಗಮನಿಸದೆ ವಾರ್ತೆ ನೋಡುತ್ತಿದ್ದರು. ‘ಮೇಡಂ, ಒಂದ್ ನಿಮಿಷ’ ಎಂಬ ಕರೆ ನಿಂತುಹೋಯಿತು. ಎರಡು ವರ್ಷ ಆ ಕರೆಗೆ ಗೊಣಗಿದವಳು ನಾನೇ. ಈಗ ಅಡುಗೆಮನೆಯಲ್ಲಿ ರೊಟ್ಟಿ ಒಂದೂ ಸೀಯದೆ ಹದವಾಗಿ ಬೇಯುತ್ತಿದ್ದವು. ತಿನ್ನುವಾಗ ಯಾಕೋ ರುಚಿಸುತ್ತಿರಲಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನು ಮನೆಗೆ ಹೋಗದೆ ಚನ್ನಗಿರಿಯ ಬಸ್ಸು ಹತ್ತಿದೆ. ಆರ್ಕೆಸ್ಟ್ರಾದ ಆ ಹಳೆಯ ಪೆಟ್ಟಿಗೆ ಎಲ್ಲಾದರೂ ಉಳಿದಿದ್ದರೆ ತಂದು ರತ್ನಕ್ಕನ ಮುಂದೆ ಇಡುವುದು ಎಂಬುದು ನನ್ನ ಯೋಜನೆ. ಹಾಲಪ್ಪನವರ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರುಗಳು ಬಣ್ಣ ಬಣ್ಣವಾಗಿ ನೇತಾಡುತ್ತಿದ್ದವು. ಹಾಲಪ್ಪ ನಲ್ಲೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಅಂಗಡಿಯವರು ಹೇಳಿದರು. ನಲ್ಲೂರಿಗೆ ಹೋದೆ. ಮಗಳದು ಟೈಲರಿಂಗ್ ಅಂಗಡಿ. ಅದರ ಕಟ್ಟೆಯ ಮೇಲೆ ಬಿಳಿ ಪಂಚೆಯ ಮುದುಕರು ಕೂತು, ಮಗಳ ಹೊಲಿಗೆ ಮಷೀನಿನ ಸದ್ದು ಕೇಳುತ್ತಾ, ಎಣ್ಣೆ ಬಿಡಬೇಕು ನೋಡು ಅದಕ್ಕೆ ಎಂದು ಹೇಳುತ್ತಿದ್ದರು. ಕಣ್ಣು ಮಂಜಾಗಿತ್ತು. ಕಿವಿ ಚೆನ್ನಾಗಿತ್ತು.

ನಾನು ತಿಪ್ಪೇಶರ ಹೆಂಡತಿ ಎಂದೆ. ಗಿಟಾರಿನ ತಿಪ್ಪೇಶನಾ ಎಂದು ಖುಷಿಯಿಂದ ಪಕ್ಕದಲ್ಲಿ ಕೂರಿಸಿಕೊಂಡರು. ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದೆ. ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಅದು ಅವರ ಹತ್ತಿರವೇ ವಾಪಸ್ಸು ಬಂದು ಎಷ್ಟೋ ಕಾಲವಾಯಿತಂತೆ. ವಾಲ್ವ್‌ಗಳು ಒಡೆದಿದ್ದವು. ಪ್ಲೈವುಡ್ಡಿನ ಡಬ್ಬದಲ್ಲಿ ಕೋಳಿ ಕಾವಿಗೆ ಕೂರುತ್ತಿತ್ತು, ಆಮೇಲೆ ಗೆದ್ದಲು ತಿಂದಿತು. ಇಷ್ಟನ್ನೂ ಅವರು ಬೇಸರವಿಲ್ಲದೆ ಹೇಳಿದರು. ನನಗೆ ಮಾತ್ರ ಎರಡು ಬಸ್ಸು ಬದಲಾಯಿಸಿ ಬಂದದ್ದು ಕೋಳಿಯ ಸುದ್ದಿ ಕೇಳಲಿಕ್ಕೆ ಎನಿಸಿತು.

ಅವರೇ ಕೇಳಿದರು, ‘ಅದು ಹೆಂಗೆ ಕೇಳ್ತಿತ್ತು, ಹೇಳ್ರಿ ನೋಡಾನ.’

ನಲವತ್ತೊಂದು ಸಲ ಬಾರದ ಮಾತು ಆಗ ಹೇಗೆ ಬಂತೋ. ‘ಅಳು ಬಂದವರು ತಡಕೊಂಡು, ನಗ್ತಾ ಮಾತಾಡಿದಂಗೆ’ ಎಂದೆ.

ಹಾಲಪ್ಪ ಜೋರಾಗಿ ನಕ್ಕರು. ಮಷೀನು ತುಳಿಯುತ್ತಿದ್ದ ಮಗಳು ತಿರುಗಿ ನೋಡಿದಳು. ‘ಅದು ನಾ ಮಾಡಿದ್ದಲ್ಲ ತಾಯಿ. ಕರೆಂಟು ಮಾಡಿದ್ದು. ಬೆಳಿಗ್ಗೆ ಪೂರಾ ಕರೆಂಟಿದ್ದಾಗ ಹಚ್ಚಿದ್ರೆ ಅದು ತಗಡು ಬಡಿದಂಗೆ ಕೇಳೋದು. ಸಂಜೆ ಆದ್ರೆ ಊರ ತುಂಬ ಲೈಟು, ಸುತ್ತಲೂ ಪಂಪ್‌ಸೆಟ್ಟು. ಇನ್ನೂರ ಮೂವತ್ತು ಇರಬೇಕಾದ ವೋಲ್ಟೇಜು ನೂರ ಎಪ್ಪತ್ತಕ್ಕೆ ಬರೋದು. ವಾಲ್ವಿಗೆ ಹೊಟ್ಟೆ ತುಂಬ ಸಿಗ್ತಿರಲಿಲ್ಲ. ಜೋರಾಗಿ ಬಾರಿಸಿದ್ರೆ ಸೋತು ಬಗ್ಗೋದು, ಮತ್ತೆ ಉಸಿರು ತಗಂಡು ಏಳೋದು. ನೀವು ಕೇಳಿದ್ದು ಅದನ್ನೇ.’

ಹೊನ್ನಾಳಿಯ ತನಕ ಬಸ್ಸಿನಲ್ಲಿ ನನ್ನಷ್ಟಕ್ಕೆ ನಾನೇ ನಗುತ್ತಾ ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಸರಿದು ಕೂತರು. ನಗದೆ ಏನು ಮಾಡುವುದು? ನಮ್ಮ ಯಜಮಾನರು ಇಲಾಖೆಗೆ ಸೇರಿದ ಮೇಲೆ ಅವರ ಮೊದಲ ಕೆಲಸವೇ ಚನ್ನಗಿರಿಯ ಸುತ್ತಿನ ಹಳ್ಳಿಗಳಲ್ಲಿ. ಕೆರೆಬಿಳಚಿಯ ಕಡೆ ಹೊಸ ಲೈನ್ ಎಳೆದದ್ದು, ಟ್ರಾನ್ಸ್‌ಫಾರ್ಮರ್ ಕೂರಿಸಿದ್ದು, ಲೋ ವೋಲ್ಟೇಜ್ ಎಂದು ಅರ್ಜಿ ಹಿಡಿದು ಬಂದವರ ಮನೆಗೆ ಹೋಗಿ ಬಲ್ಬ್ ಬೆಳಗಿಸಿ ಮಜ್ಜಿಗೆ ಕುಡಿದು ಬಂದದ್ದು, ಎಲ್ಲವನ್ನೂ ಮದುವೆಯಾದಾಗಿನಿಂದ ಕೇಳಿದ್ದೇನೆ. ಆ ಮನುಷ್ಯ ಸರ್ವಿಸ್ಸಿನುದ್ದಕ್ಕೂ ಕಂಬ ಕಂಬ ಹತ್ತಿ ಆ ಸದ್ದನ್ನು ತಾವೇ ಊರಿನಿಂದ ಓಡಿಸಿ, ಈಗ ಪೆಟ್ಟಿಗೆಯಲ್ಲಿ ಹುಡುಕುತ್ತಿದ್ದರು.

ಮನೆಗೆ ಬಂದು ಊಟಕ್ಕೆ ಬಡಿಸಿ ಎಲ್ಲ ಹೇಳಿದೆ. ಕೈ ತುತ್ತಿನಲ್ಲೇ ನಿಂತಿತು. ಮೊದಲು ನಾನು ಹೇಳಿದ್ದನ್ನು ನಂಬಬೇಕೋ ಬೇಡವೋ ಎಂದು ನನ್ನ ಮುಖ ನೋಡಿದರು. ಆ ನೋಟಕ್ಕೆ ನಾನು ಅರ್ಹಳೇ ಆಗಿದ್ದೆ. ಬೇಕಾದರೆ ಹಾಲಪ್ಪನವರಿಗೆ ಫೋನ್ ಮಾಡಿ ಎಂದು ಮಗಳ ನಂಬರ್ ಮುಂದಿಟ್ಟೆ. ಮಾಡಲಿಲ್ಲ. ತುತ್ತನ್ನು ತಟ್ಟೆಗೆ ಇಳಿಸಿ, ‘ಅಂದ್ರೆ ನಾನೇ ಸರಿ ಮಾಡಿ ಮಾಡಿ ಕೆಡಿಸಿದ್ನಾ?’ ಎಂದು ನಗಲು ಶುರು ಮಾಡಿದವರು ಕೆಮ್ಮು ಬಂದು ನೀರು ಕುಡಿಯುವ ತನಕ ನಕ್ಕರು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಅದರಲ್ಲಿ ಅವರು ಎಂದೂ ತೆರೆಯದ ಒಂದು ಪುಟವಿತ್ತಂತೆ. ಲೆಕ್ಕದೊಳಗಿನ ಆಂಪ್ಲಿಫೈಯರಿಗೆ ಹೋಗುವ ಕರೆಂಟನ್ನು ಬೇಕೆಂತಲೇ ಇಳಿಸುವ ತಿರುಪು ಅಲ್ಲಿತ್ತು. ‘ಯಾವನಾದ್ರೂ ಬೇಕು ಅಂತ ವೋಲ್ಟೇಜ್ ಇಳಿಸ್ತಾನಾ ಅಂತ ನಾನು ಆ ಕಡೆ ಹೋಗೇ ಇರಲಿಲ್ಲ’ ಎಂದರು. ಇಲಾಖೆಯ ಮನುಷ್ಯ, ಸಂಕೋಚ ಇರುವುದೇ. ಇನ್ನೂರ ಮೂವತ್ತಕ್ಕೆ ನೂರ ಎಪ್ಪತ್ತು ಎಂದರೆ ನೂರಕ್ಕೆ ಎಪ್ಪತ್ತನಾಲ್ಕು ಎಂದು ಲೆಕ್ಕ ಹಾಕಿ, ಕಳ್ಳತನ ಮಾಡುವವರ ಹಾಗೆ ತಿರುಪನ್ನು ಇಳಿಸಿದರು. ಬಾರಿಸಿದರು. ಸದ್ದು ಎದ್ದಿತು, ಒಂದು ಕ್ಷಣ ಬಗ್ಗಿತು, ಮತ್ತೆ ತಲೆಯೆತ್ತಿತು.

ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ಕೆಳಗಿಟ್ಟೆ. ಗಣಪತಿ ಹಬ್ಬದ ಸಂಜೆ ಗಂಡಸರ ಬೆನ್ನುಗಳ ಹಿಂದೆ ನಿಂತಿದ್ದ ಹುಡುಗಿ ಒಳಗೆಲ್ಲೋ ಕತ್ತೆತ್ತಿದಳು. ಆದರೂ ಅವಸರ ಮಾಡಲಿಲ್ಲ. ಇನ್ನೊಮ್ಮೆ ಬಾರಿಸಿ ಎಂದೆ. ಮತ್ತೊಮ್ಮೆ ಎಂದೆ. ಆಮೇಲೆ, ಮುಕ್ಕಾಲು ಪಾಲು ಬಂದಿದೆ, ತಳದಲ್ಲಿ ಗುಂಯ್ ಎನ್ನುವುದು ಸ್ವಲ್ಪ ಜಾಸ್ತಿ ಇದೆ ಎಂದೆ. ಪೂರಾ ಬಂತು ಎಂದಿದ್ದರೆ ಅವರಿಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ.

ಬೀಳ್ಕೊಡುಗೆಯ ದಿನ ಹಾಲಪ್ಪನವರನ್ನು ನಲ್ಲೂರಿನಿಂದ ಕಾರಿನಲ್ಲಿ ಕರೆತಂದೆವು. ನ್ಯಾಮತಿಯ ಸಮುದಾಯ ಭವನದ ತುಂಬ ತಾಯಂದಿರು, ಓಡಾಡುವ ಮಕ್ಕಳು, ಒಳಗಿನಿಂದ ಕೇಸರಿಬಾತಿನ ವಾಸನೆ. ರತ್ನಕ್ಕ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಹಾಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ಸುಮ್ಮನೆ ಗಿಟಾರ್ ಬಾರಿಸುತ್ತೇನೆ, ಕೇಳಿ ಎಂದರು ಇವರು, ಒತ್ತಾಯಿಸಲಿಲ್ಲ. ಹಾಲಪ್ಪ ಸ್ಪೀಕರಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ಅದರ ಮೈಮೇಲೆ ಅಂಗೈ ಇಟ್ಟು ಕೂತರು. ಇವರು ಒಂದೆರಡು ಸಲ ತಂತಿ ಮೀಟಿದರು.

ಹಾಲಪ್ಪ ಕೇಳಿ ತಲೆಯಾಡಿಸಿ, ‘ಎಷ್ಟಕ್ಕೆ ಇಳಿಸೀರಿ?’ ಎಂದರು. ನೂರ ಎಪ್ಪತ್ತು ಎಂದರು ಇವರು.

‘ಇನ್ನೊಂದು ಹತ್ತು ಇಳಿಸ್ರಿ. ಹಬ್ಬದ ದಿನ ಸೀರಿಯಲ್ ಲೈಟು ಬೇರೆ ಇರ್ತಿದ್ವಲ್ಲ.’

ಇಳಿಸಿದರು. ಮತ್ತೆ ಬಾರಿಸಿದರು. ಆ ಹಾಡಿನ ಶುರುವಿನ ಸ್ವರಗಳು. ರತ್ನಕ್ಕ ಪಕ್ಕದವರ ಜೊತೆ ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಎದ್ದರು. ಯಾರೂ ಕರೆದಿರಲಿಲ್ಲ. ಮೆಟ್ಟಿಲು ಹತ್ತಿ, ಕೊರಳಿನ ಗಾಯದ ಗೆರೆಯ ಮೇಲೆ ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತರು. ಮೊದಲ ಸಾಲು, ಎರಡನೆಯ ಸಾಲು. ಮೇಲೆ ಹೋಗಬೇಕಾದ ಜಾಗ ಬಂತು. ನಾನು ಪಕ್ಕದವರ ಮಗುವಿನ ಕೈಯನ್ನು ಹಿಡಿದುಕೊಂಡಿದ್ದೆ ಎಂದು ಆಮೇಲೆ ಗೊತ್ತಾಯಿತು. ದನಿ ಅಲ್ಲಿ ಬಿರಿಯಿತು. ಅದೇ ಗಳಿಗೆಗೆ ಇವರು ತಂತಿಯನ್ನು ಬಲವಾಗಿ ಮೀಟಿದರು. ಗಿಟಾರೂ ಬಿರಿದು, ಬಗ್ಗಿ, ಆ ದನಿಯ ಪಕ್ಕದಲ್ಲೇ ಎದ್ದು ನಿಂತಿತು. ಯಾರ ಬಿರುಕು ಯಾವುದು ಎಂದು ಹೇಳುವ ಹಾಗಿರಲಿಲ್ಲ. ರತ್ನಕ್ಕ ನಿಲ್ಲಿಸಲಿಲ್ಲ. ಆ ಹಾಡು ಮುಗಿಸಿ ಇನ್ನೊಂದು ಎತ್ತಿಕೊಂಡರು.

ನಾನು ಅಷ್ಟು ಹೊತ್ತಿಗೆ ಕಣ್ಣು ಒರೆಸಿಕೊಳ್ಳಲು ಮುಖ ಮೇಲೆತ್ತಿದ್ದೆ. ಭವನದ ಫ್ಯಾನುಗಳು ಒಂದೇ ವೇಗದಲ್ಲಿ ತಿರುಗುತ್ತಿದ್ದವು, ಟ್ಯೂಬ್‌ಲೈಟುಗಳು ರೆಪ್ಪೆ ಮಿಟುಕಿಸದೆ ಉರಿಯುತ್ತಿದ್ದವು. ಹಿಂದೆ ಈ ಗಿಟಾರ್ ಹೀಗೆ ಬಗ್ಗುವಾಗ ಊರಿನ ಬಲ್ಬುಗಳೂ ಬಗ್ಗಿರುತ್ತಿದ್ದವು. ಆ ಮಂಕು ಬೆಳಕಿನಲ್ಲಿ ನಾನು ಪುಸ್ತಕವನ್ನು ಮೂಗಿಗೆ ಹಿಡಿದು ಓದಿದ್ದೇನೆ, ನಮ್ಮಮ್ಮ ಅಕ್ಕಿಯಲ್ಲಿ ಕಲ್ಲು ಕಾಣದೆ ಗೊಣಗಿದ್ದಾರೆ. ಆ ಕಾಲ ಒಳ್ಳೆಯದಿತ್ತು ಎಂದು ನಾನು ಯಾರಿಗೂ ಹೇಳಲಾರೆ. ಅದರ ಸದ್ದು ಮಾತ್ರ ಬೇಕು. ಬಡತನವನ್ನು ಬಿಟ್ಟು ಅದರ ಹಾಡನ್ನು ಉಳಿಸಿಕೊಳ್ಳುವುದಕ್ಕೆ ಒಂದು ತಿರುಪು ಇದೆ ಎಂದಾದರೆ, ಲೆಕ್ಕ ಹಾಕುವ ಆ ಪೆಟ್ಟಿಗೆಯ ಮೇಲೆ ನನಗೆ ಇನ್ನು ಮುನಿಸಿಲ್ಲ.

ಊಟಕ್ಕೆ ಕೂತಾಗ ಹಾಲಪ್ಪ ಇವರ ಒಂದು ಪಕ್ಕದಲ್ಲಿದ್ದರು, ಇನ್ನೊಂದು ಪಕ್ಕದಲ್ಲಿ ನಾನು. ಕೇಸರಿಬಾತು ಮುಗಿಸಿ ಬೆರಳು ಒರೆಸಿಕೊಳ್ಳುತ್ತಾ, ಏನೋ ನೆನಪಾದವರ ಹಾಗೆ ಹೇಳಿದರು, ‘ತಿಪ್ಪೇಶಪ್ಪ, ಇನ್ನೊಂದೈತೆ. ಆ ಸ್ಪೀಕರಿನ ಕಾಗದ ಒಂದು ಕಡೆ ಹರಿದಿತ್ತು. ನಾನು ಅನ್ನದ ಅಗುಳು ಅರೆದು ಅಂಟಿಸಿದ್ದೆ.’

ನಮ್ಮ ಯಜಮಾನರು ಎಡಗೈಯಲ್ಲಿ ಫೋನ್ ತೆಗೆದು, ಪೆಟ್ಟಿಗೆಯ ಪುಟಗಳನ್ನು ಒಂದೊಂದಾಗಿ ಸರಿಸುತ್ತಾ, ಅನ್ನದ ಅಗುಳು ಎಲ್ಲಿದೆ ಎಂದು ಹುಡುಕತೊಡಗಿದರು. ಅವರ ಎಲೆಯಲ್ಲಿ ಸಾರು ಹರಿದು ಅಂಚಿಗೆ ಬರುತ್ತಿತ್ತು. ನಾನು ಅನ್ನವನ್ನು ಸ್ವಲ್ಪ ಆ ಕಡೆ ನೂಕಿ ಕಟ್ಟೆ ಕಟ್ಟಿ, ನಿಧಾನವಾಗಿ ಹುಡುಕಲಿ ಎಂದು ಸುಮ್ಮನಾದೆ.